ಎಕ್ಸ್-ರೇ ಕೋಣೆಯ ಸುರಕ್ಷತೆ: ಮುರಕಲ್ಲಿನ ಗೋಡೆಯಿಂದ ಎದೆಯ ಬ್ಯಾಡ್ಜಿನವರೆಗೆ

ವಿಕಿರಣದಿಂದ ರಕ್ಷಣೆ ಎಂದ ಕೂಡಲೇ ಎಲ್ಲರ ಕಣ್ಣು ಗೂಟಕ್ಕೆ ತೂಗಿದ ಲೆಡ್ ಏಪ್ರನ್ನಿನ (ಸೀಸ ತುಂಬಿದ ಮೇಲುಡುಪಿನ) ಮೇಲೆ ಬೀಳುತ್ತದೆ. ಏಪ್ರನ್ ಬೇಕು, ಆದರೆ ಅದರ ಸರದಿ ಕೊನೆಗೆ. ಮೊದಲು ಗೋಡೆ ಮತ್ತು ಬಾಗಿಲು, ಆಮೇಲೆ ನಿಲ್ಲುವ ದೂರ, ಆಮೇಲೆ ಕಿರಣದ ಅಗಲ, ಆಮೇಲೆ ಒಂದೇ ಚಿತ್ರವನ್ನು ಎರಡು ಸಲ ತೆಗೆಯದಿರುವುದು. ಈ ನಾಲ್ಕೂ ನೆಟ್ಟಗಿದ್ದರೆ ಏಪ್ರನ್ನಿಗೆ ಹೆಚ್ಚು ಕೆಲಸವಿರುವುದಿಲ್ಲ. ಕುಂಬಳೆ, ಉಪ್ಪಳ, ಬದಿಯಡ್ಕ, ಮುಳ್ಳೇರಿಯದಂಥ ಊರುಗಳ ಸಣ್ಣ ಆಸ್ಪತ್ರೆಗಳನ್ನು, ಕಾಸರಗೋಡು ಪೇಟೆಯ ಸ್ಕ್ಯಾನ್ ಸೆಂಟರುಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ. ಇಲ್ಲಿನ ಕಲ್ಲು, ಇಲ್ಲಿನ ಮಳೆ, ಇಲ್ಲಿನ ಭಾಷೆಗಳು ಮೂರೂ ಈ ಕೆಲಸದೊಳಗೆ ಬರುತ್ತವೆ.

ಗೋಡೆ

ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ, ಹೇಳುತ್ತ ಬಂದ ಲೆಕ್ಕ ಇಟ್ಟಿಗೆಯದ್ದು. ನೇರ ಕಿರಣ ಬೀಳುವ ಗೋಡೆಗೆ 35 ಸೆಂ.ಮೀ. ಇಟ್ಟಿಗೆ, ರೋಗಿಯ ಮೈಗೆ ತಾಗಿ ಚದುರಿದ ಕಿರಣ ಮಾತ್ರ ಬೀಳುವ ಗೋಡೆಗೆ 23 ಸೆಂ.ಮೀ. ಇಟ್ಟಿಗೆ, ಬಾಗಿಲಿಗೆ 23 ಸೆಂ.ಮೀ. ಇಟ್ಟಿಗೆಗೆ ಸಮನಾಗುವಷ್ಟು, ಅಂದರೆ ಸುಮಾರು 1.7 ಮಿ.ಮೀ. ಸೀಸ. ನಮ್ಮ ಕಡೆ ಕಟ್ಟುವುದು ಇಟ್ಟಿಗೆಯಲ್ಲಲ್ಲ, ಮುರಕಲ್ಲಿನಲ್ಲಿ (ಜಂಬಿಟ್ಟಿಗೆ ಕಲ್ಲು). ದಪ್ಪ ಸಾಕಷ್ಟಿದೆಯಲ್ಲ ಎಂದು ಸುಮ್ಮನಾಗುವಂತಿಲ್ಲ. ಕಿರಣವನ್ನು ತಡೆಯುವುದು ದಪ್ಪವೊಂದೇ ಅಲ್ಲ, ಸಾಂದ್ರತೆಯೂ ಹೌದು. ಒಂದು ಕೋರೆಯ ಕಲ್ಲು ಗಟ್ಟಿ, ಇನ್ನೊಂದರದ್ದು ತೂತು ತೂತು. ಒಂದೇ ಕೋರೆಯಲ್ಲಿ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ವ್ಯತ್ಯಾಸವಿರುತ್ತದೆ.

ಹೊಸ ಕೋಣೆ ಕಟ್ಟುವುದಾದರೆ ಒಂದು ಸುಲಭದ ಪರೀಕ್ಷೆಯಿದೆ. ತಂದ ಲೋಡಿನಿಂದ ಏಳೆಂಟು ಕಲ್ಲು ಆರಿಸಿ, ಚೆನ್ನಾಗಿ ಒಣಗಿಸಿ ತೂಗಿ. 38 × 23 × 18 ಸೆಂ.ಮೀ. ಅಳತೆಯ ಕಲ್ಲಿನ ಗಾತ್ರ ಸುಮಾರು 15,700 ಘನ ಸೆಂಟಿಮೀಟರ್. ಘನ ಸೆಂಟಿಮೀಟರಿಗೆ 1.6 ಗ್ರಾಂ ಹಿಡಿದರೆ ಅದು 25 ಕಿಲೋ ತೂಗಬೇಕು. ಅದಕ್ಕಿಂತ ಹಗುರ ಬಂದ ಕಲ್ಲನ್ನು ಎಕ್ಸ್-ರೇ ಕೋಣೆಗೆ ಹಾಕಬೇಡಿ, ಕಂಪೌಂಡಿಗೆ ಹಾಕಿ. ಮಳೆಗಾಲದಲ್ಲಿ ತೂಗಿದರೆ ಲೆಕ್ಕ ತಪ್ಪುತ್ತದೆ. ಮುರಕಲ್ಲು ನೀರು ಕುಡಿದು ಭಾರವಾಗಿರುತ್ತದೆ.

ಕಲ್ಲಿಗಿಂತಲೂ ಹೆಚ್ಚು ಮೋಸ ಮಾಡುವುದು ಸಂದು. ಅಡ್ಡ ಸಂದಿಗೆ ಗಾರೆ ತುಂಬಿ, ಲಂಬ ಸಂದಿಗೆ ಮೇಲಿನಿಂದ ಸ್ವಲ್ಪ ಒತ್ತಿ ಬಿಡುವ ಅಭ್ಯಾಸ ಮೇಸ್ತ್ರಿಗಳಲ್ಲಿದೆ. ಮನೆಗೆ ಅದು ನಡೆಯುತ್ತದೆ. ಇಲ್ಲಿ ಆ ಖಾಲಿ ಸಂದು ಎರಡು ಸಾರಣೆಗಳ ನಡುವೆ ಕಣ್ಣಿಗೆ ಕಾಣದೆ ಉಳಿದು, ಕಿರಣ ಹೊರಗೆ ಹೋಗುವ ಸೀಳಾಗುತ್ತದೆ. ಲಂಬ ಸಂದುಗಳನ್ನೂ ಪೂರ್ತಿ ತುಂಬಿಸಿ, ಒಳಗೂ ಹೊರಗೂ ಸಿಮೆಂಟ್ ಸಾರಣೆ ಮಾಡಿಸಿ. ಕಲ್ಲು ಚೆಂದ ಕಾಣಲೆಂದು ಸಾರಣೆಯಿಲ್ಲದೆ ಬಿಡುವ ಈಗಿನ ಫ್ಯಾಷನ್ ಈ ಕೋಣೆಗೆ ಬೇಡ. ಸ್ವಿಚ್ ಬೋರ್ಡ್, ಎಸಿ ಪೈಪು, ಕೇಬಲ್ ಎಂದು ಗೋಡೆ ಕೊರೆದರೆ ಕೊರೆದ ಜಾಗದ ಹಿಂದೆ ಸೀಸದ ತಗಡು ಕೂರಿಸಬೇಕು. ಗಾಳಿ-ಬೆಳಕಿನ ಕಿಂಡಿಗಳು ಹೊರಗಿನ ನೆಲದಿಂದ 2 ಮೀಟರಿಗಿಂತ ಮೇಲಿದ್ದರೆ ಮಾತ್ರ ತಗಡಿಲ್ಲದೆ ಬಿಡಬಹುದು. ಇಳಿಜಾರಿನ ಗುಡ್ಡದಲ್ಲಿ ಕಟ್ಟಿದ ಆಸ್ಪತ್ರೆಗಳಲ್ಲಿ ಒಳಗಿನ 2 ಮೀಟರ್ ಬೇರೆ, ಹೊರಗಿನ 2 ಮೀಟರ್ ಬೇರೆ. ಅಳೆಯಬೇಕಾದ್ದು ಹೊರಗೆ, ಜನ ನಡೆಯುವ ನೆಲದಿಂದ.

ಚೆಸ್ಟ್ ಸ್ಟ್ಯಾಂಡ್ (ಎದೆಯ ಚಿತ್ರಕ್ಕೆ ರೋಗಿ ಎದುರು ನಿಲ್ಲುವ ಚೌಕಟ್ಟು) ಎಲ್ಲಿಡಬೇಕು ಎನ್ನುವುದನ್ನು ಯಂತ್ರ ತರುವ ಎಂಜಿನಿಯರಿಗೆ ಬಿಟ್ಟರೆ ಅವನಿಗೆ ಕೇಬಲ್ ಎಷ್ಟು ಉದ್ದ ಬರುತ್ತದೆಯೋ ಅಲ್ಲಿ ಇಟ್ಟು ಹೋಗುತ್ತಾನೆ. ಅದು ಬಾಗಿಲಿನ ಕಡೆಗೂ ಕಂಟ್ರೋಲ್ ಪ್ಯಾನಲಿನ ಕಡೆಗೂ ಮುಖ ಮಾಡಿರಬಾರದು. ಜನ ಕೂರದ ಗೋಡೆಯನ್ನು, ಸಾಧ್ಯವಾದರೆ ಕಟ್ಟಡದ ಹೊರಗೋಡೆಯನ್ನು ಆರಿಸಿ. 23 ಸೆಂ.ಮೀ. ಗೋಡೆಯೇ ಇರುವುದಾದರೆ ಸ್ಟ್ಯಾಂಡಿನ ಹಿಂದೆ ಇನ್ನೊಂದು ವರಸೆ ಕಲ್ಲು ಕಟ್ಟಿಸಿ, ಇಲ್ಲವೇ ನೆಲದಿಂದ 2 ಮೀಟರ್ ಎತ್ತರದವರೆಗೆ ಸೀಸದ ತಗಡು ಹಾಕಿಸಿ. ಕಂಟ್ರೋಲ್ ಪ್ಯಾನಲಿಗೂ ಯಂತ್ರಕ್ಕೂ ಕಡಿಮೆಯೆಂದರೆ 3 ಮೀಟರ್ ಅಂತರ ಬೇಕು, ನಡುವೆ ನೋಡಲು ಲೆಡ್ ಗ್ಲಾಸ್ ಇರುವ 1.5 ಮಿ.ಮೀ. ಸೀಸದ ತಡೆ ಬೇಕು. 125 ಕೆವಿ (ಕಿಲೋವೋಲ್ಟ್, ಕಿರಣ ಹೊರಡುವ ಟ್ಯೂಬಿಗೆ ಕೊಡುವ ವಿದ್ಯುತ್ತಿನ ಒತ್ತಡ) ಅಥವಾ ಅದಕ್ಕಿಂತ ಹೆಚ್ಚಿನ ಯಂತ್ರಕ್ಕೆ ಕಂಟ್ರೋಲ್ ಪ್ರತ್ಯೇಕ ಕೋಣೆಯಲ್ಲೇ ಇರಬೇಕು.

ಬಾಗಿಲು

ಸೀಸ ಮೆತ್ತಗಿನ ಲೋಹ. ಬರೀ ಅಂಟಿನಿಂದ, ನಾಲ್ಕು ಮೊಳೆಯಿಂದ ಬಾಗಿಲಿಗೆ ಹಚ್ಚಿದ ತಗಡು ತನ್ನ ಭಾರಕ್ಕೆ ತಾನೇ ವರ್ಷದಿಂದ ವರ್ಷಕ್ಕೆ ಕೆಳಗೆ ಜಗ್ಗುತ್ತದೆ. ಮೇಲ್ತುದಿಯಲ್ಲಿ ಎರಡು ಮೂರು ಬೆರಳಿನಷ್ಟು ಜಾಗ ಬರೀ ಮರವಾಗಿ ಉಳಿಯುತ್ತದೆ, ಅದರ ಮೇಲೆ ಮೈಕಾ ಶೀಟ್ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ತಗಡನ್ನು ಎರಡು ಪ್ಲೈವುಡ್ಡುಗಳ ನಡುವೆ ಒತ್ತಿ ಕೂರಿಸುವುದೇ ಸರಿಯಾದ ಕ್ರಮ. ಹಾಕುವ ದಿನವೇ ಫೋಟೋ ತೆಗೆದು ಫೈಲಿನಲ್ಲಿಡಿ, ಆಮೇಲೆ ಒಳಗೇನಿದೆ ಎಂದು ಕೇಳಿದವರಿಗೆ ತೋರಿಸಲು ಬೇರೆ ದಾರಿಯಿಲ್ಲ.

ಜೂನ್ ಬಂತೆಂದರೆ ಮರ ಉಬ್ಬುತ್ತದೆ, ಬಾಗಿಲು ಚೌಕಟ್ಟಿಗೆ ತಾಗುತ್ತದೆ. ಬಡಗಿ ಬಂದು ಅಂಚು ಹೆರೆದು ಹೋಗುತ್ತಾನೆ. ಬೇಸಿಗೆಗೆ ಮರ ಒಣಗಿದಾಗ ಅಲ್ಲೊಂದು ಸಂದು. ಚೌಕಟ್ಟಿನ ಸೀಸವೂ ಬಾಗಿಲಿನ ಸೀಸವೂ ಒಂದರ ಮೇಲೊಂದು ಹಾಯ್ದಿದ್ದರೆ ಈ ಸಂದಿನಿಂದ ತೊಂದರೆಯಿಲ್ಲ. ಎದುರುಬದುರಾಗಿ ನಿಂತಿದ್ದರೆ ಕಿರಣ ನೇರ ಹೊರಗೆ ಬರುತ್ತದೆ. ಕಡಲ ಬದಿಯ ಊರುಗಳಲ್ಲಿ ಜಾರುಬಾಗಿಲಿನ ಹಳಿ ಮತ್ತು ಗಾಲಿ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿದು ಬಾಗಿಲು ಪೂರ್ತಿ ಮುಚ್ಚದ ಸ್ಥಿತಿಗೆ ಬರುತ್ತದೆ. ತಿಂಗಳಿಗೊಮ್ಮೆ ಎಣ್ಣೆ ಬಿಡುವ ಕೆಲಸವನ್ನು ಒಬ್ಬರ ಹೆಸರಿಗೆ ಬರೆಯಿರಿ.

ಬಾಗಿಲ ಮೇಲಿನ ಕೆಂಪು ದೀಪ ಎಕ್ಸ್‌ಪೋಶರ್ ಆಗುವಾಗ (ಕಿರಣ ಹೊರಡುವಾಗ) ಉರಿಯಬೇಕು. ಮೂರೆಲೆಯ ವಿಕಿರಣ ಗುರುತು, ಅದರ ಕೆಳಗೆ ಬರಹ. ಬರಹ ಕನ್ನಡದಲ್ಲೂ ಇರಲಿ, ಮಲಯಾಳದಲ್ಲೂ ಇರಲಿ.

ಸರ್ವೆ ಮಾಡುವುದು ಹೇಗೆ

ಗೋಡೆ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಹೇಳುವುದು ಮೀಟರ್. ಅಯಾನ್ ಚೇಂಬರ್ ಮಾದರಿಯ ಸರ್ವೆ ಮೀಟರ್ ತೆಗೆದುಕೊಳ್ಳಿ. ಗೈಗರ್ ಮೀಟರಿನಲ್ಲಿ ಕ್ಷಣಮಾತ್ರದ ಎಕ್ಸ್-ರೇ ಸರಿಯಾಗಿ ದಾಖಲಾಗುವುದಿಲ್ಲ, ಇದ್ದದ್ದಕ್ಕಿಂತ ಕಡಿಮೆ ತೋರಿಸಿ ಸುಳ್ಳು ಧೈರ್ಯ ಕೊಡುತ್ತದೆ. ರೋಗಿಯ ಜಾಗದಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಕ್ಯಾನ್ ಇಡಿ. ಏನೂ ಇಡದೆ ಹೊಡೆದರೆ ಚದುರುವ ಕಿರಣವೇ ಇರುವುದಿಲ್ಲ. ದಿನನಿತ್ಯ ಬಳಸುವ ಅತಿ ಹೆಚ್ಚಿನ ಕೆವಿ ಇಟ್ಟು, ಮುಳ್ಳು ಏರಲು ಸಮಯ ಸಿಗುವಂತೆ ಸುಮಾರು 1 ಸೆಕೆಂಡಿನ ಎಕ್ಸ್‌ಪೋಶರ್ ಕೊಡಿ. ಅಳೆಯಬೇಕಾದ ಜಾಗಗಳು: ಕಂಟ್ರೋಲಿನಲ್ಲಿ ನಿಲ್ಲುವ ಕಡೆ, ಬಾಗಿಲಿನ ನಾಲ್ಕೂ ಅಂಚು, ಚೆಸ್ಟ್ ಸ್ಟ್ಯಾಂಡಿನ ಹಿಂಬದಿ, ರೋಗಿಗಳು ಕೂರುವ ಬೆಂಚು, ಮಹಡಿಯಿದ್ದರೆ ಮೇಲಿನ ಮತ್ತು ಕೆಳಗಿನ ಕೋಣೆ.

ಬಂದ ಅಂಕಿಯನ್ನು ಹಾಗೆಯೇ ನೋಡಿ ಹೆದರಬಾರದು, ವಾರದ ಕೆಲಸಕ್ಕೆ ಇಳಿಸಬೇಕು. ಬೆಂಚಿನ ಬಳಿ 100 ಎಂಎಯಲ್ಲಿ (ಮಿಲಿಆಂಪಿಯರ್, ಟ್ಯೂಬಿನಲ್ಲಿ ಹರಿಯುವ ಕರೆಂಟ್) ಗಂಟೆಗೆ 50 ಮೈಕ್ರೋಸೀವರ್ಟ್ (ಮೈಗೆ ಬೀಳುವ ವಿಕಿರಣದ, ಅಂದರೆ ಡೋಸಿನ ಅಳತೆ; ಸಾವಿರ ಸೇರಿದರೆ 1 ಮಿಲಿಸೀವರ್ಟ್) ಬಂತೆನ್ನಿ. ದಿನಕ್ಕೆ 40 ಚಿತ್ರ, ಒಂದಕ್ಕೆ ಸರಾಸರಿ 10 ಎಂಎಎಸ್ (ಎಂಎಯನ್ನು ಸೆಕೆಂಡಿನಿಂದ ಗುಣಿಸಿದ್ದು), ವಾರಕ್ಕೆ 6 ದಿನ. ಒಟ್ಟು 2,400 ಎಂಎಎಸ್, ಅಂದರೆ 40 ಎಂಎ-ನಿಮಿಷ. 40ನ್ನು 50ರಿಂದ ಗುಣಿಸಿ, 60 × 100ರಿಂದ ಭಾಗಿಸಿದರೆ ವಾರಕ್ಕೆ 0.33 ಮೈಕ್ರೋಸೀವರ್ಟ್. ಸಾರ್ವಜನಿಕರಿಗೆ ವರ್ಷದ ಮಿತಿ 1 ಮಿಲಿಸೀವರ್ಟ್. ವಾರಕ್ಕೆ ಹಂಚಿದರೆ 20 ಮೈಕ್ರೋಸೀವರ್ಟ್. ಬೆಂಚಿಗೆ ಏನೂ ಆಗಿಲ್ಲ. ಕೆಲಸಗಾರರು ಮಾತ್ರ ಇರುವ ಜಾಗಕ್ಕೆ ಅವರ ವರ್ಷದ 20 ಮಿಲಿಸೀವರ್ಟನ್ನು ಇದೇ ರೀತಿ ಹಂಚಿದರೆ ವಾರಕ್ಕೆ 400. ಅಲ್ಲಿಯವರೆಗೂ ಹೋಗಬಹುದು ಎಂದು ಇದರ ಅರ್ಥವಲ್ಲ. ಚೆನ್ನಾಗಿ ಕಟ್ಟಿದ ಕೋಣೆಯ ಕಂಟ್ರೋಲಿನಲ್ಲಿ ಅದರ ಹತ್ತಿರಕ್ಕೂ ಅಂಕಿ ಬರುವುದಿಲ್ಲ. ಬಂದರೆ ಎಲ್ಲೋ ಸೀಳಿದೆ, ಹುಡುಕಿ.

ದೂರ, ಅದರಲ್ಲೂ ಪೋರ್ಟಬಲ್ ತೆಗೆಯುವಾಗ

ನೆನಪಿಡಬೇಕಾದದ್ದು ಎರಡೇ. ದೂರ ಎರಡು ಪಟ್ಟಾದರೆ ಡೋಸ್ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ರೋಗಿಯ ಮೈಯಿಂದ ಚದುರಿ 1 ಮೀಟರ್ ದೂರಕ್ಕೆ ಬರುವ ಕಿರಣ, ಅವನ ಚರ್ಮಕ್ಕೆ ಬಿದ್ದದ್ದರ ಸುಮಾರು ಸಾವಿರದಲ್ಲಿ ಒಂದಂಶ.

ವಾರ್ಡಿನಲ್ಲಿ ಎದೆಯ ಪೋರ್ಟಬಲ್ (ಮಂಚದ ಬಳಿಗೇ ತಂದ ಯಂತ್ರದಿಂದ ಚಿತ್ರ) ತೆಗೆಯುತ್ತೀರಿ, ರೋಗಿಯ ಚರ್ಮಕ್ಕೆ 0.2 ಮಿಲಿಗ್ರೇ (ಇಲ್ಲಿನ ಲೆಕ್ಕಕ್ಕೆ 1 ಮಿಲಿಗ್ರೇಯನ್ನು 1 ಮಿಲಿಸೀವರ್ಟ್ ಎಂದೇ ಹಿಡಿಯಬಹುದು) ಬಿತ್ತು ಎಂದಿಟ್ಟುಕೊಳ್ಳಿ. 1 ಮೀಟರಿನಲ್ಲಿ 0.2 ಮೈಕ್ರೋಗ್ರೇ. 2 ಮೀಟರಿನಲ್ಲಿ 0.05. ಭೂಮಿ, ಆಕಾಶ, ಗಾಳಿಯಿಂದ ಮನುಷ್ಯನಿಗೆ ಸಹಜವಾಗಿ ಬರುವ ಡೋಸ್ ಜಾಗತಿಕ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್. ಆ ಲೆಕ್ಕದಲ್ಲಿ ಪಕ್ಕದ ಮಂಚದವನಿಗೆ 2 ಮೀಟರಿನಲ್ಲಿ ಬಂದದ್ದು ಹತ್ತು ಹನ್ನೊಂದು ನಿಮಿಷದ ಸಹಜ ವಿಕಿರಣ. ಯಂತ್ರ ಬಂತೆಂದು ಇಡೀ ವಾರ್ಡ್ ಎದ್ದು ವರಾಂಡಕ್ಕೆ ಓಡಬೇಕಾಗಿಲ್ಲ. ಏಳಲಾಗದವರನ್ನು ಎಬ್ಬಿಸಿ ಬೀಳಿಸುವುದೇ ಹೆಚ್ಚಿನ ಅಪಾಯ. ನಡೆಯಬಲ್ಲ ಬೈಸ್ಟ್ಯಾಂಡರುಗಳು (ರೋಗಿಯ ಜೊತೆಗಿರುವವರು) ನಾಲ್ಕು ಹೆಜ್ಜೆ ಆಚೆ ಹೋದರೆ ಸಾಕು.

ಟೆಕ್ನೀಷಿಯನ್ನಿನ ಲೆಕ್ಕ ಬೇರೆ, ಏಕೆಂದರೆ ಇಂಥದ್ದು ದಿನವೂ ಹಲವು ಸಲ. ಸ್ವಿಚ್ಚಿನ ಸುರುಳಿ ಕೇಬಲನ್ನು ಪೂರ್ತಿ ಎಳೆದು 2 ಮೀಟರ್ ಹಿಂದೆ ನಿಲ್ಲಿ. ಎಷ್ಟೋ ಕಡೆ ಕೇಬಲ್ ಗಂಟುಬಿದ್ದು ಅರ್ಧಕ್ಕರ್ಧ ಆಗಿರುತ್ತದೆ, ಯಾರೋ ಇನ್ಸುಲೇಶನ್ ಟೇಪ್ ಸುತ್ತಿ ಇನ್ನೂ ಗಿಡ್ಡ ಮಾಡಿರುತ್ತಾರೆ. ಆ ಕೇಬಲ್ ಬದಲಿಸುವ ಖರ್ಚು ಹೊಸ ಏಪ್ರನ್ನಿಗಿಂತ ಮುಂಚೆ ಆಗಬೇಕಾದ್ದು. ಕಿರಣ ಹೋಗುವ ದಿಕ್ಕಿನಲ್ಲಿ ಯಾರೂ ಇರಬಾರದು. ಕೂತ ರೋಗಿಗೆ ಅಡ್ಡಲಾಗಿ ಹೊಡೆಯುವಾಗ ಹಿಂದಿನ ಮಂಚ ಖಾಲಿಯಿದೆಯೇ ನೋಡಿ. ಗಟ್ಟಿಯಾಗಿ "ಎಕ್ಸ್-ರೇ" ಎಂದು ಕೂಗಿ ಎರಡು ಸೆಕೆಂಡ್ ಕಾಯಿರಿ. ನರ್ಸ್‌ಗಳಿಗೆ ಇದು ಅಭ್ಯಾಸವಾದರೆ ಹೇಳದೆಯೇ ಹಿಂದೆ ಸರಿಯುತ್ತಾರೆ.

ಹಿಡಿದುಕೊಳ್ಳುವವರು ಯಾರು

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕದ ಕಡೆಯ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತ ಕುಟುಂಬಗಳಿಂದ ಮೈ ಸೆಟೆದ, ತಾನಾಗಿ ಕೂರಲಾರದ ಮಕ್ಕಳು ಮತ್ತು ದೊಡ್ಡವರಾದ ಮಕ್ಕಳು ಚಿತ್ರಕ್ಕೆ ಬರುತ್ತಾರೆ. ಸೊಂಟ, ಬೆನ್ನೆಲುಬು, ಎದೆ ಎಂದು ಒಬ್ಬರಿಗೇ ಮತ್ತೆ ಮತ್ತೆ ತೆಗೆಯಬೇಕಾಗುತ್ತದೆ. ಹಿಡಿಯದೆ ಆಗುವುದಿಲ್ಲ. ಹಾಗಾದರೆ ಯಾರು ಹಿಡಿಯಬೇಕು?

ಟೆಕ್ನೀಷಿಯನ್ ಅಲ್ಲ, ದಿನವೂ ಕರೆದರೆ ಬರುವ ಅಟೆಂಡರ್ ಅಲ್ಲ. ಅವರು ಒಬ್ಬೊಬ್ಬರಿಗೆ ಸ್ವಲ್ಪ ಸ್ವಲ್ಪ ಎನ್ನುತ್ತಾ ವರ್ಷಕ್ಕೆ ಎಷ್ಟೋ ಸಲ ಹಿಡಿದಿರುತ್ತಾರೆ. ಮನೆಯವರಲ್ಲಿ ಬಸುರಿಯಲ್ಲದ, ಕೈಯಲ್ಲಿ ಬಲವಿರುವ ಒಬ್ಬರು ಏಪ್ರನ್ ತೊಟ್ಟು ಹಿಡಿಯಲಿ. ಪ್ರತಿ ಸಲವೂ ತಾಯಿಯೇ ಬರುತ್ತಿದ್ದರೆ ಮುಂದಿನ ಸಲ ತಂದೆಯೋ ಅಜ್ಜಿಯೋ ಬರಲಿ ಎಂದು ಹೇಳಿ. ನಿಲ್ಲುವುದು ಕಿರಣದ ಪಕ್ಕದಲ್ಲಿ, ಟ್ಯೂಬಿಗೆ ಎದುರಾಗಿ ಅಲ್ಲ. ಕಿರಣ ಬೀಳುವ ಜಾಗವನ್ನು ತೋರಿಸುವ ಬೆಳಕಿನ ಚೌಕದೊಳಗೆ ಅವರ ಬೆರಳು ಬಂದಿಲ್ಲವೇ ಎಂದು ಒತ್ತುವ ಮೊದಲು ನೋಡಿ.

ಅದಕ್ಕೂ ಮುಂಚೆ ಹಿಡಿಯದೆ ಮುಗಿಸಲು ಪ್ರಯತ್ನಿಸಿ. ಬಟ್ಟೆಯ ಪಟ್ಟಿ, ವೆಲ್‌ಕ್ರೋ, ಮರಳಿನ ಚೀಲ ಬಹಳ ಕೆಲಸ ಮಾಡುತ್ತವೆ. ಮರಳಿನ ಚೀಲಕ್ಕೆ ಒಳಗೆ ಪ್ಲಾಸ್ಟಿಕ್, ಹೊರಗೆ ರೆಕ್ಸಿನ್ ಹಾಕಿ ಹೊಲಿಸಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಹಸುಗೂಸಾದರೆ ಹಾಲು ಕುಡಿಸಿ, ಬಟ್ಟೆಯಲ್ಲಿ ಸುತ್ತಿ, ಕಣ್ಣು ಮುಚ್ಚಿದ ಮೇಲೆ ತೆಗೆಯಿರಿ; ಹತ್ತು ನಿಮಿಷ ಕಾದರೆ ಎರಡನೇ ಎಕ್ಸ್‌ಪೋಶರ್ ಉಳಿಯುತ್ತದೆ. ಎಂಎ ಹೆಚ್ಚಿಟ್ಟು ಸಮಯವನ್ನು ಆದಷ್ಟು ಇಳಿಸಿ, 10 ಮಿಲಿಸೆಕೆಂಡಿನೊಳಗೆ ಬಂದರೆ ಅಲುಗಿದರೂ ಚಿತ್ರ ಮಸುಕಾಗುವುದು ಕಡಿಮೆ. ದಪ್ಪ 10-12 ಸೆಂ.ಮೀ.ಗಿಂತ ಕಡಿಮೆಯಿರುವ ಮೈಗೆ ಗ್ರಿಡ್ (ಚದುರಿದ ಕಿರಣವನ್ನು ಸೋಸುವ ಸೀಸದ ಪಟ್ಟಿಗಳ ಹಲಗೆ) ಬೇಡ. ಗ್ರಿಡ್ ಇಟ್ಟರೆ ಡೋಸ್ ಎರಡು ಪಟ್ಟಿಗೂ ಹೆಚ್ಚಾಗುತ್ತದೆ, ಚಿತ್ರದಲ್ಲಿ ಸಿಗುವ ಲಾಭ ಅಷ್ಟಿಲ್ಲ.

ಮಕ್ಕಳ ತೊಡೆಯ ಸಂದಿಗೆ ಸೀಸದ ತುಂಡು ಇಡುವ ಹಳೆಯ ಪದ್ಧತಿಯನ್ನು ಇನ್ನೂ ಕಾಣುತ್ತೇವೆ. ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2019ರಲ್ಲೇ ಇದನ್ನು ದಿನನಿತ್ಯದ ಕ್ರಮವಾಗಿ ಮಾಡುವುದು ಬೇಡ ಎಂದಿತು. ಸೀಸ ಜಾರಿ ಸೊಂಟದ ಎಲುಬನ್ನೇ ಮುಚ್ಚಿ ಚಿತ್ರ ಮತ್ತೆ ತೆಗೆಯಬೇಕಾಗುತ್ತದೆ; ಆಟೋ ಎಕ್ಸ್‌ಪೋಶರ್ ಇರುವ ಯಂತ್ರದಲ್ಲಿ ಸೀಸ ಸೆನ್ಸರಿನ ಮೇಲೆ ಬಂದರೆ ಯಂತ್ರ ಡೋಸನ್ನು ತಾನೇ ಏರಿಸುತ್ತದೆ. ಕಲಿಮೇಟರನ್ನು (ಕಿರಣದ ಅಗಲವನ್ನು ಹಿಡಿತದಲ್ಲಿಡುವ ಭಾಗ) ಬಿಗಿ ಮಾಡುವುದು ಸೀಸಕ್ಕಿಂತ ಒಳ್ಳೆಯ ರಕ್ಷಣೆ.

ಡಿಆರ್ (ಡಿಜಿಟಲ್ ಎಕ್ಸ್-ರೇ) ಬಂದ ಮೇಲಿನ ಹೊಸ ಕೆಟ್ಟ ಅಭ್ಯಾಸ

ಫಿಲ್ಮ್ ಇದ್ದ ಕಾಲದಲ್ಲಿ ಡೋಸ್ ಹೆಚ್ಚಾದರೆ ಫಿಲ್ಮ್ ಕಪ್ಪಾಗಿ ತಪ್ಪು ಅಲ್ಲೇ ಕಾಣುತ್ತಿತ್ತು. ಡಿಜಿಟಲ್‌ನಲ್ಲಿ ಎಷ್ಟು ಹೆಚ್ಚು ಕೊಟ್ಟರೂ ಸಾಫ್ಟ್‌ವೇರ್ ಚೆಂದ ಮಾಡಿ ತೋರಿಸುತ್ತದೆ. ಕಡಿಮೆ ಕೊಟ್ಟರೆ ಮಾತ್ರ ಚಿತ್ರದಲ್ಲಿ ಕಾಳು ಕಾಳು ಬಂದು ಡಾಕ್ಟರು ಬೈಯುತ್ತಾರೆ. ಬೈಗುಳ ತಪ್ಪಿಸಿಕೊಳ್ಳಲು ಎಂಎಎಸ್ ಮೆಲ್ಲಗೆ ಏರುತ್ತಾ ಹೋಗುತ್ತದೆ.

ಇದಕ್ಕೆ ಮದ್ದು ಪರದೆಯ ಮೂಲೆಯಲ್ಲೇ ಇದೆ. ಡಿಐ (ಡೀವಿಯೇಶನ್ ಇಂಡೆಕ್ಸ್, ಗುರಿಯಿಂದ ಡೋಸ್ ಎಷ್ಟು ಸರಿದಿದೆ ಎಂದು ಹೇಳುವುದು) ಎಂಬ ಅಂಕಿ ನೋಡಿ. ಸೊನ್ನೆ ಬಂದರೆ ಸರಿಯಾದ ಡೋಸ್, +3 ಎಂದರೆ ಬೇಕಾದದ್ದರ ಎರಡು ಪಟ್ಟು, −3 ಎಂದರೆ ಅರ್ಧ. ವಾರಕ್ಕೊಮ್ಮೆ ಇಪ್ಪತ್ತು ಎದೆಯ ಚಿತ್ರಗಳ ಡಿಐ ಬರೆದು ನೋಡಿ. ಎಲ್ಲವೂ +2, +3 ಬರುತ್ತಿದ್ದರೆ ಚಾರ್ಟಿನಲ್ಲಿರುವ ಎಂಎಎಸ್ ಇಳಿಸಬೇಕು. ಒಂದೇ ಒಂದು ಚಿತ್ರ ಹೆಚ್ಚು ಬಂದರೆ ತಲೆ ಕೆಡಿಸಿಕೊಳ್ಳಬೇಡಿ; ಕಲಿಮೇಶನ್ ತಪ್ಪಿದಾಗ, ಮೈಯಲ್ಲಿ ಲೋಹದ ರಾಡ್ ಇದ್ದಾಗ ಆ ಅಂಕಿ ದಾರಿ ತಪ್ಪುತ್ತದೆ. ಈ ಅಂಕಿ ಬರಬೇಕಾದರೆ ಗುರಿ ಮೌಲ್ಯವನ್ನು ಯಂತ್ರದಲ್ಲಿ ಸೆಟ್ ಮಾಡಿರಬೇಕು. ಇನ್‌ಸ್ಟಾಲ್ ಮಾಡಲು ಬಂದವರು ಹಾಗೇ ಬಿಟ್ಟು ಹೋಗಿರುವುದುಂಟು, ಕೇಳಿ ಮಾಡಿಸಿಕೊಳ್ಳಿ.

ಇದರ ಜೊತೆಯ ಇನ್ನೊಂದು ಚಟ, ಕಲಿಮೇಟರನ್ನು ಪೂರ್ತಿ ತೆರೆದಿಟ್ಟು ಹೊಡೆದು ಆಮೇಲೆ ಕಂಪ್ಯೂಟರಿನಲ್ಲಿ ಕತ್ತರಿಸುವುದು. ಚಿತ್ರ ಸಣ್ಣದಾಗುತ್ತದೆ, ರೋಗಿಗೆ ಬಿದ್ದದ್ದು ಸಣ್ಣದಾಗುವುದಿಲ್ಲ. ಮಣಿಕಟ್ಟಿಗೆ ಮಣಿಕಟ್ಟಿನಷ್ಟೇ ಬೆಳಕು. ಕಲಿಮೇಟರಿನ ಬಲ್ಬ್ ಸುಟ್ಟುಹೋದ ಯಂತ್ರದಲ್ಲಿ ಅಂದಾಜಿನ ಮೇಲೆ ಹೊಡೆಯುತ್ತಾ ತಿಂಗಳುಗಟ್ಟಲೆ ಕಳೆಯುವುದು ಸೋಮಾರಿತನ, ಬಲ್ಬ್ ಒಂದನ್ನು ಯಾವಾಗಲೂ ಸ್ಟಾಕಿನಲ್ಲಿಡಿ.

ಮತ್ತೆ ತೆಗೆದ ಪ್ರತಿ ಚಿತ್ರಕ್ಕೂ ಒಂದು ಪುಸ್ತಕ ಇರಲಿ: ತಾರೀಖು, ಯಾವ ಭಾಗ, ಏಕೆ ಹಾಳಾಯಿತು. ತೆಗೆದವರ ಹೆಸರು ಬರೆಯಬೇಡಿ, ಬರೆದರೆ ಯಾರೂ ನಿಜ ಹೇಳುವುದಿಲ್ಲ. ಎದೆಯ ಚಿತ್ರದಲ್ಲಿ ಉಸಿರು ತಪ್ಪಿದ್ದೇ ಹೆಚ್ಚು ಎಂದು ಕಂಡರೆ ಅದು ಹೆಚ್ಚಾಗಿ ಮಾತಿನ ತೊಂದರೆ. "ಉಸಿರು ಎಳೆದು ಹಿಡಿಯಿರಿ" ಎನ್ನುವುದನ್ನು ಕನ್ನಡ, ಮಲಯಾಳ, ತುಳು ಮೂರರಲ್ಲೂ ಹೇಳಲು ಬರುವವರು ಆ ಪಾಳಿಯಲ್ಲಿ ಒಬ್ಬರಾದರೂ ಇರಲಿ. ಬ್ಯಾರಿ, ಕೊಂಕಣಿ, ಮರಾಠಿ ಮನೆಮಾತಿನವರೂ ಬರುವ ಊರಿದು. ಹೊಡೆಯುವ ಮೊದಲು ಒಮ್ಮೆ ಅಭ್ಯಾಸ ಮಾಡಿಸಿ ನೋಡುವುದು ಎಲ್ಲ ಭಾಷೆಗೂ ನಡೆಯುತ್ತದೆ.

ಇನ್ನು ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟುವವರ ವಿಷಯ. ಇಲ್ಲಿ ಸಿಟಿ ಸ್ಕ್ಯಾನ್ ತೆಗೆಸಿ ಎರಡು ದಿನದಲ್ಲಿ ಮಂಗಳೂರಿಗೆ ಹೋದ ರೋಗಿಗೆ ಅಲ್ಲಿ ಅದೇ ಸಿಟಿ ಮತ್ತೊಮ್ಮೆ ಆಗುತ್ತದೆ, ಕೈಯಲ್ಲಿ ಬರೀ ರಿಪೋರ್ಟ್ ಇರುತ್ತದೆ, ಚಿತ್ರ ಇರುವುದಿಲ್ಲ. ಎದೆಯ ಒಂದು ಎಕ್ಸ್-ರೇ ಸುಮಾರು 0.02 ಮಿಲಿಸೀವರ್ಟ್, ಹೊಟ್ಟೆಯ ಒಂದು ಸಿಟಿ ಸುಮಾರು 8. ಅಂದರೆ 400 ಎದೆ ಚಿತ್ರಗಳಷ್ಟು. ರೆಫರ್ ಚೀಟಿ ಬರೆಯುವ ಮೇಜಿನಲ್ಲೇ ಸಿಡಿಯನ್ನೋ ಪೆನ್‌ಡ್ರೈವನ್ನೋ ಕೊಟ್ಟು ಕಳಿಸುವ ನಿಯಮ ಮಾಡಿ. ಅದು ಡೈಕಾಮ್ (ಸ್ಕ್ಯಾನ್ ಚಿತ್ರಗಳ ಮೂಲ ರೂಪದ) ಫೈಲಾಗಿರಲಿ. ಮೊಬೈಲಿನಲ್ಲಿ ಪರದೆಯ ಫೋಟೋ ತೆಗೆದು ಕಳಿಸಿದರೆ ಆಚೆಯ ಡಾಕ್ಟರಿಗೆ ಪ್ರಯೋಜನವಿಲ್ಲ.

ಬಸುರಿಯೇ ಎಂದು ಕೇಳುವುದು

ಗೋಡೆಯಲ್ಲಿ ಬೋರ್ಡ್ ಇದೆ, ಅದನ್ನು ಓದಿ ಅವರೇ ಹೇಳಬೇಕು ಎಂದು ಕೂರುವುದು ಸರಿಯಲ್ಲ. ಕೇಳಬೇಕು, ಅದೂ ಅತ್ತೆ, ಮಾವ, ಗಂಡ ಎಲ್ಲರೂ ನಿಂತ ವರಾಂಡದಲ್ಲಿ ಅಲ್ಲ, ಒಳಗೆ ಕರೆದು. "ಅಕ್ಕ, ಕಳೆದ ಸಲ ಮುಟ್ಟಾದದ್ದು ಯಾವತ್ತು?" ಎಂದರೆ ತಾರೀಖು ಸಿಗುತ್ತದೆ. "ಬಸುರಿಯಲ್ಲ ತಾನೇ?" ಎಂದು ಕೇಳಿದರೆ ಸಂಕೋಚಕ್ಕೆ "ಅಲ್ಲ" ಎಂಬ ಉತ್ತರ ಬರುತ್ತದೆ. ಮದುವೆಯಾಗದ ಹುಡುಗಿಯರಿಗೂ ಇದೇ ಪ್ರಶ್ನೆ, ಇದೇ ಧಾಟಿ, ಎಲ್ಲರಿಗೂ ಕೇಳುತ್ತೇವೆ ಎಂದು ಮೊದಲೇ ಹೇಳಿ. ಹೊಟ್ಟೆ ಮತ್ತು ಸೊಂಟದ ಸಿಟಿ, ಬೇರಿಯಂ ಪರೀಕ್ಷೆಯಂಥವನ್ನು ತುರ್ತಿಲ್ಲದಿದ್ದರೆ ಮುಟ್ಟಾದ ಮೊದಲ 10 ದಿನದೊಳಗೆ ಹಾಕಿಕೊಳ್ಳಿ. ಕೈಕಾಲು, ತಲೆ, ಎದೆಯ ಎಕ್ಸ್-ರೇಗೆ ಇಷ್ಟು ಕಟ್ಟುನಿಟ್ಟು ಬೇಡ. ಎದೆಯ ಚಿತ್ರದಿಂದ ಭ್ರೂಣಕ್ಕೆ ತಲುಪುವುದು 0.01 ಮಿಲಿಗ್ರೇಗಿಂತಲೂ ಕಡಿಮೆ.

ಗೊತ್ತಿಲ್ಲದೆ ಆಗಿಹೋಯಿತು, ಆಮೇಲೆ ಬಸುರಿ ಎಂದು ತಿಳಿಯಿತು. ಆಗ ಗಾಬರಿಯಲ್ಲಿ ಗರ್ಭ ತೆಗೆಸಿ ಎಂದು ಬಾಯಿ ಬಿಡಬಾರದು. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗದ ಪ್ರಕಾರ ಭ್ರೂಣಕ್ಕೆ 100 ಮಿಲಿಗ್ರೇಗಿಂತ ಕಡಿಮೆ ಡೋಸ್ ಗರ್ಭ ತೆಗೆಸಲು ಕಾರಣವಾಗುವುದಿಲ್ಲ. ಸೊಂಟದ ಒಂದು ಸಿಟಿಯಲ್ಲಿ ಸರಾಸರಿ 25ರ ಆಸುಪಾಸು. ಕೆವಿ, ಎಂಎಎಸ್, ಡಿಎಲ್‌ಪಿ (ಸಿಟಿ ಯಂತ್ರ ತೋರಿಸುವ ಡೋಸಿನ ಅಂಕಿ) ಎಲ್ಲ ಬರೆದಿಟ್ಟು ಮೆಡಿಕಲ್ ಫಿಸಿಸಿಸ್ಟ್ ಹತ್ತಿರ ಲೆಕ್ಕ ಹಾಕಿಸಿ, ಆ ಕಾಗದ ಹಿಡಿದು ಹೆರಿಗೆ ಡಾಕ್ಟರು ಮಾತಾಡಲಿ.

ಬಸುರಿಯಾದ ಸಿಬ್ಬಂದಿ ಅದನ್ನು ಮುಚ್ಚಿಡದೆ ಹೇಳುವಂಥ ವಾತಾವರಣ ಇರಬೇಕು. ಹೇಳಿದ ಮೇಲೆ ಹೆರಿಗೆಯವರೆಗೆ ಭ್ರೂಣಕ್ಕೆ 1 ಮಿಲಿಸೀವರ್ಟ್ ಮೀರಬಾರದು. ಕಂಟ್ರೋಲ್ ಕೋಣೆಯ ಕೆಲಸದಲ್ಲಿ ಇದು ಸಾಧ್ಯ, ಸಿ-ಆರ್ಮ್ (ಆಪರೇಶನ್ ನಡುವೆ ಎಕ್ಸ್-ರೇಯಲ್ಲಿ ನೋಡುವ ಯಂತ್ರ) ಮತ್ತು ಪೋರ್ಟಬಲ್‌ನಿಂದ ಬದಲಿಸಿದರಾಯಿತು. ಕೆಲಸದಿಂದ ತೆಗೆಯುವುದಕ್ಕೆ ಇದು ನೆವವಲ್ಲ.

ಸಿ-ಆರ್ಮ್: ನಿಜವಾಗಿ ಡೋಸ್ ಬರುವ ಜಾಗ

ಎಕ್ಸ್-ರೇ ಕೋಣೆಯವರಿಗಿಂತ ಆಪರೇಶನ್ ಥಿಯೇಟರಿನವರಿಗೆ ಹೆಚ್ಚು ಬೀಳುತ್ತದೆ. ಅವರಿಗೇ ತರಬೇತಿ ಕಡಿಮೆ. ಲೆಕ್ಕ ನೋಡಿ: ರೋಗಿಯ ಚರ್ಮಕ್ಕೆ ನಿಮಿಷಕ್ಕೆ 10 ಮಿಲಿಗ್ರೇ ಬೀಳುತ್ತಿದ್ದರೆ 1 ಮೀಟರಿನಲ್ಲಿ 10 ಮೈಕ್ರೋಗ್ರೇ, ಸರ್ಜನ್ ನಿಂತ ಅರ್ಧ ಮೀಟರಿನಲ್ಲಿ 40. ಹತ್ತು ನಿಮಿಷ ಪೆಡಲ್ ಒತ್ತಿದರೆ 0.4 ಮಿಲಿಗ್ರೇ. 0.5 ಮಿ.ಮೀ. ಸೀಸದ ಏಪ್ರನ್ ಇದರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚನ್ನು ತಡೆಯುತ್ತದೆ. ಕೈ, ಕಣ್ಣು, ಏಪ್ರನ್ ಮುಚ್ಚದ ಕುತ್ತಿಗೆಗೆ ಆ ರಕ್ಷಣೆ ಇಲ್ಲ. ಕಣ್ಣಿನ ಮಸೂರಕ್ಕೆ ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್ ಎಂದು ಅಂತರರಾಷ್ಟ್ರೀಯ ಆಯೋಗ 2011ರಲ್ಲಿ ಮಿತಿಯನ್ನು ಇಳಿಸಿದ್ದು ಕಣ್ಣಿನ ಪೊರೆ ಮೊದಲು ಅಂದುಕೊಂಡದ್ದಕ್ಕಿಂತ ಕಡಿಮೆ ಡೋಸಿಗೇ ಬರುತ್ತದೆ ಎಂದು ಕಂಡದ್ದರಿಂದ.

ಟ್ಯೂಬ್ ಮೇಜಿನ ಕೆಳಗೆ, ಡಿಟೆಕ್ಟರ್ ಮೇಲೆ. ತಲೆಕೆಳಗಾಗಿ ಇಟ್ಟರೆ ಚದುರಿದ ಕಿರಣ ಮುಖಕ್ಕೇ ಬರುತ್ತದೆ, ಏಕೆಂದರೆ ಕಿರಣ ಮೈಗೆ ಹೊಗುವ ಬದಿಯಲ್ಲೇ ಚದುರುವುದು ಹೆಚ್ಚು. ಡಿಟೆಕ್ಟರನ್ನು ರೋಗಿಗೆ ತಾಗುವಷ್ಟು ಇಳಿಸಿ, ಟ್ಯೂಬನ್ನು ದೂರ ಮಾಡಿ. ಅಡ್ಡಚಿತ್ರ ನೋಡುವಾಗ ಡಿಟೆಕ್ಟರಿನ ಕಡೆ ನಿಲ್ಲಿ, ಟ್ಯೂಬಿನ ಕಡೆ ಅಲ್ಲ. ಪಲ್ಸ್ ಮೋಡ್ (ಕಿರಣ ಬಿಟ್ಟು ಬಿಟ್ಟು ಬರುವಂತೆ) ಹಾಕಿ. ಎಲುಬಿನ ಕೆಲಸಕ್ಕೆ ಸೆಕೆಂಡಿಗೆ 7.5 ಪಲ್ಸ್ ಸಾಕಾಗುತ್ತದೆ. ಮ್ಯಾಗ್ನಿಫಿಕೇಶನ್ ಒತ್ತಿದಷ್ಟೂ ಡೋಸ್ ಏರುತ್ತದೆ. ಪೆಡಲ್ ಬಿಟ್ಟ ಮೇಲೂ ಕೊನೆಯ ಚಿತ್ರ ಪರದೆಯಲ್ಲಿರುತ್ತದೆ, ಅದನ್ನು ನೋಡಿ ಯೋಚಿಸಿ. 5 ನಿಮಿಷದ ಅಲಾರಂ ಹೊಡೆದಾಗ ಆಫ್ ಮಾಡುವ ಬಟನ್ ಒತ್ತುವುದರ ಜೊತೆಗೆ ಸಮಯವನ್ನು ಗಟ್ಟಿಯಾಗಿ ಹೇಳುವುದು ಟೆಕ್ನೀಷಿಯನ್ನಿನ ಕೆಲಸ. ಸರ್ಜನ್ ಹಿರಿಯರು, ಹೇಗೆ ಹೇಳುವುದು ಎಂಬ ಹಿಂಜರಿಕೆ ಇರುವುದರಿಂದಲೇ ಇದನ್ನು ನಿಯಮವಾಗಿ ಗೋಡೆಗೆ ಅಂಟಿಸಬೇಕು.

ಲೆಡ್ ಕೈಗವಸು ತೊಟ್ಟು ಕಿರಣದೊಳಗೆ ಕೈ ಇಡುವುದು ಮೂರ್ಖತನ. ಯಂತ್ರ ಅದನ್ನು ದಪ್ಪ ಮೈ ಎಂದು ತಿಳಿದು ಡೋಸ್ ಏರಿಸುತ್ತದೆ, ಕೈಗೂ ರೋಗಿಗೂ ಎರಡಕ್ಕೂ ಹೆಚ್ಚು ಬೀಳುತ್ತದೆ.

ಏಪ್ರನ್

0.5 ಮಿ.ಮೀ. ಏಪ್ರನ್ 5ರಿಂದ 7 ಕಿಲೋ ತೂಗುತ್ತದೆ. ದಿನವಿಡೀ ತೊಡುವವರಿಗೆ ಲಂಗ ಮತ್ತು ಮೇಲಂಗಿ ಬೇರೆ ಬೇರೆಯಿರುವ ಎರಡು ತುಂಡಿನದ್ದು ಕೊಡಿಸಿ, ಭಾರ ಸೊಂಟಕ್ಕೆ ಇಳಿದು ಬೆನ್ನು ಉಳಿಯುತ್ತದೆ. ಮಡಚಬೇಡಿ, ಕುರ್ಚಿಯ ಬೆನ್ನಿಗೆ ಎಸೆಯಬೇಡಿ. ಒಳಗಿನ ಹಾಳೆ ಮಡಿಕೆಯಲ್ಲಿ ಸೀಳುತ್ತದೆ. ಅಗಲ ಭುಜದ ಹ್ಯಾಂಗರಿಗೆ ತೂಗಿಸಿ. ಒರೆಸಲು ನೀರು ಮತ್ತು ಸೌಮ್ಯ ಸಾಬೂನು ಸಾಕು, ಬ್ಲೀಚ್ ಬೇಡ, ಆಟೋಕ್ಲೇವ್ ಅಂತೂ ಬೇಡವೇ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ತಾಗಿಸಿ ತೂಗಿದರೆ ಹಿಂಬದಿಗೆ ಬೂಸ್ಟು ಬರುತ್ತದೆ. ಗೋಡೆಯಿಂದ ಒಂದು ಗೇಣು ಮುಂದೆ ಗೂಟ ಹಾಕಿಸಿ. ಬಿಸಿಲಿಗೆ ಒಣಹಾಕಬೇಡಿ, ನೆರಳಲ್ಲಿ ಫ್ಯಾನಿನ ಕೆಳಗೆ ಒಣಗಲಿ.

ಪ್ರತಿಯೊಂದಕ್ಕೂ ನಂಬರ್ ಬರೆದು ವರ್ಷಕ್ಕೊಮ್ಮೆ ಪರೀಕ್ಷಿಸಿ. ಮೊದಲು ಮೇಜಿನ ಮೇಲೆ ಹರಡಿ ಕೈಯಾಡಿಸಿ, ಗಂಟು-ಮಡಿಕೆ ತಿಳಿಯುತ್ತದೆ. ಆಮೇಲೆ ಸಿ-ಆರ್ಮ್ ಕೆಳಗೆ ಸರಿಸುತ್ತಾ ನೋಡಿ, ಆಟೋ ತೆಗೆದು ಮ್ಯಾನುಯಲ್ ಇಟ್ಟು. ಆಟೋದಲ್ಲಿಟ್ಟರೆ ಯಂತ್ರ ಸೀಸವನ್ನು ದಾಟಲು ಡೋಸ್ ಏರಿಸುತ್ತಾ ಹೋಗುತ್ತದೆ, ನಿಮಗೂ ಬೀಳುತ್ತದೆ. ಸಿ-ಆರ್ಮ್ ಇಲ್ಲದಲ್ಲಿ ಡಿಆರ್ ಪ್ಲೇಟಿನ ಮೇಲೆ ಭಾಗ ಭಾಗವಾಗಿ ಇಟ್ಟು 70 ಕೆವಿಯಲ್ಲಿ ಚಿತ್ರ ತೆಗೆದರಾಯಿತು. ಎದೆ, ಹೊಟ್ಟೆ, ಜನನಾಂಗದ ಭಾಗದಲ್ಲಿ ಬಿರುಕು 15 ಚದರ ಮಿ.ಮೀ. ಮೀರಿದರೆ, ಥೈರಾಯ್ಡ್ ಕಾಲರಿನಲ್ಲಿ 11 ಮೀರಿದರೆ ತೆಗೆದುಹಾಕಿ. ಪ್ರಕಟಿತ ಅಧ್ಯಯನವೊಂದರಿಂದ ಬಂದು ಬಳಕೆಯಲ್ಲಿ ನಿಂತ ಅಳತೆಯಿದು.

ಬ್ಯಾಡ್ಜ್

ಟಿಎಲ್‌ಡಿ ಬ್ಯಾಡ್ಜ್ ರಕ್ಷಿಸುವುದಿಲ್ಲ, ತೊಟ್ಟವರಿಗೆ ಬಿದ್ದ ಡೋಸಿನ ಲೆಕ್ಕ ಇಡುತ್ತದೆ. ಎದೆಯ ಮಟ್ಟದಲ್ಲಿ, ಏಪ್ರನ್ ಒಳಗೆ. ಮೂರು ತಿಂಗಳಿಗೊಮ್ಮೆ ಬದಲಿಸಿ ಕಳಿಸಬೇಕು. ಕೆಲಸಗಾರರ ಮಿತಿ ನಮ್ಮ ದೇಶದಲ್ಲಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷ 30 ಮೀರಬಾರದು.

ರೀಡಿಂಗ್ ತಪ್ಪಾಗುವುದು ಹೆಚ್ಚಾಗಿ ಬ್ಯಾಡ್ಜ್ ಇಟ್ಟ ಜಾಗದಿಂದ. ಏಪ್ರನ್ನಿಗೇ ಸಿಕ್ಕಿಸಿ ಕೋಣೆಯೊಳಗೆ ಬಿಟ್ಟು ಮನೆಗೆ ಹೋದರೆ ಮನುಷ್ಯನಿಗೆ ಬೀಳದ ಡೋಸ್ ಬ್ಯಾಡ್ಜಿಗೆ ಬಿದ್ದು, ತನಿಖೆ, ವಿವರಣೆ, ಕಾಗದಪತ್ರ ಎಂದು ತಿಂಗಳು ಹಿಡಿಯುತ್ತದೆ. ಅಂಗಿಯ ಜೊತೆ ಒಗೆಯಲು ಹಾಕುವುದು, ಬೈಕಿನ ಪೆಟ್ಟಿಗೆಯಲ್ಲಿ ಬಿಸಿಲಿಗಿಡುವುದು, ರಜೆಯಲ್ಲಿದ್ದವರದ್ದನ್ನು ಇನ್ನೊಬ್ಬರು ತೊಡುವುದು, ಇವೆಲ್ಲ ಲೆಕ್ಕ ಕೆಡಿಸುತ್ತವೆ. ಇದಕ್ಕಿಂತ ಕೆಟ್ಟದ್ದು ಕಂಟ್ರೋಲ್ ಬ್ಯಾಡ್ಜನ್ನು (ಯಾರೂ ತೊಡದೆ ಹೋಲಿಕೆಗೆಂದು ಇಡುವ ಬ್ಯಾಡ್ಜ್) ಎಕ್ಸ್-ರೇ ಕೋಣೆಯ ಡ್ರಾಯರಿನಲ್ಲಿಡುವುದು. ಅದರ ರೀಡಿಂಗನ್ನು ಉಳಿದವರದ್ದರಿಂದ ಕಳೆಯುತ್ತಾರೆ. ಅದಕ್ಕೇ ವಿಕಿರಣ ಬಿದ್ದಿದ್ದರೆ ಎಲ್ಲರಿಗೂ ಸೊನ್ನೆ ಬರುತ್ತದೆ, ನಿಜವಾದ ಡೋಸ್ ಮುಚ್ಚಿಹೋಗುತ್ತದೆ. ಆಫೀಸಿನಲ್ಲಿ, ಎಕ್ಸ್-ರೇಯಿಂದ ದೂರದ ಕಪಾಟಿನಲ್ಲಿಡಿ. ಕೆಲಸ ಬಿಟ್ಟು ಬೇರೆ ಆಸ್ಪತ್ರೆಗೆ ಹೋದರೂ ಹಳೆಯ ವೈಯಕ್ತಿಕ ನಂಬರನ್ನೇ ಮುಂದುವರಿಸಿ, ಇಲ್ಲದಿದ್ದರೆ ಹಿಂದಿನ ವರ್ಷಗಳ ಡೋಸ್ ಕಡತದಲ್ಲಿ ಬೇರೆ ಮನುಷ್ಯನದ್ದಾಗುತ್ತದೆ.

ಕಿರಣವಲ್ಲದ ಅಪಾಯ, ಕಾಗದ, ಹಳೆಯ ಯಂತ್ರ

ಬಿದ್ದು ಪೆಟ್ಟಾಗುವುದು, ರೋಗಿಯನ್ನು ಒಬ್ಬರೇ ಎತ್ತಿ ಬೆನ್ನು ಹಿಡಿಯುವುದು ವಿಕಿರಣಕ್ಕಿಂತ ಮಾಮೂಲು. ಮಳೆಗಾಲದಲ್ಲಿ ಟ್ರಾಲಿಯ ಜೊತೆ ನೀರೂ ಒಳಗೆ ಬರುತ್ತದೆ, ಬಾಗಿಲ ಬಳಿ ಒರೆಸುವ ಬಟ್ಟೆ ಇರಲಿ. ಕಾಂಟ್ರಾಸ್ಟ್ (ಚಿತ್ರದಲ್ಲಿ ಅಂಗಗಳು ಎದ್ದು ಕಾಣಲೆಂದು ಕೊಡುವ ಮದ್ದು) ಚುಚ್ಚುವ ಕಡೆ ಅಡ್ರಿನಲಿನ್ ಟ್ರೇ ಕೈಗೆ ಸಿಗುವಲ್ಲಿರಬೇಕು: ತೀವ್ರ ಅಲರ್ಜಿಗೆ ದೊಡ್ಡವರಿಗೆ 1:1000ದ್ದು 0.5 ಮಿ.ಲೀ., ತೊಡೆಯ ಸ್ನಾಯುವಿಗೆ. ಎಕ್ಸ್‌ಪೈರಿ ತಾರೀಖನ್ನು ತಿಂಗಳ ಮೊದಲ ದಿನ ನೋಡಿ. ಚುಚ್ಚಿದ ಮೇಲೆ ಅರ್ಧ ಗಂಟೆ ರೋಗಿಯನ್ನು ಕಣ್ಣೆದುರಿಗೆ ಕೂರಿಸಿ, ಬಸ್ಸಿಗೆ ಹೊತ್ತಾಯಿತು ಎಂದರೂ ಬಿಡಬೇಡಿ.

ಯಂತ್ರ ಎಇಆರ್‌ಬಿ ಟೈಪ್ ಅಪ್ರೂವಲ್ ಇರುವ ಮಾದರಿಯೇ ಆಗಬೇಕು, ಅನುಮತಿ ಮಂಡಳಿಯ ಇ-ಲೋರಾ ಎಂಬ ವೆಬ್ ಪೋರ್ಟಲಿನಲ್ಲಿ. ಕ್ವಾಲಿಟಿ ಅಶ್ಯೂರೆನ್ಸ್ ಪರೀಕ್ಷೆ ಎರಡು ವರ್ಷಕ್ಕೊಮ್ಮೆ, ಟ್ಯೂಬ್ ಬದಲಿಸಿದಂಥ ದೊಡ್ಡ ರಿಪೇರಿಯಾದರೆ ಆಗಲೇ. ಕೇರಳದಲ್ಲಿ ವಿಕಿರಣ ಸುರಕ್ಷತಾ ನಿರ್ದೇಶನಾಲಯದವರೂ ತಪಾಸಣೆಗೆ ಬರುತ್ತಾರೆ. ಅವರಿಗೆ ತೋರಿಸಲು ಲೇಔಟ್ ನಕ್ಷೆ, ಸರ್ವೆ ವರದಿ, ಕ್ಯೂಎ ವರದಿ, ಬ್ಯಾಡ್ಜ್ ರಿಪೋರ್ಟುಗಳು, ಏಪ್ರನ್ ಪರೀಕ್ಷೆಯ ಪಟ್ಟಿ ಒಂದೇ ಫೈಲಿನಲ್ಲಿರಲಿ.

ಸ್ವಿಚ್ ಆಫ್ ಆದ ಎಕ್ಸ್-ರೇ ಯಂತ್ರದಿಂದ ವಿಕಿರಣ ಬರುವುದಿಲ್ಲ, ಕೋಣೆಯ ಗಾಳಿಯಲ್ಲೂ ಗೋಡೆಯಲ್ಲೂ ಉಳಿಯುವುದಿಲ್ಲ. ಗುಡಿಸುವವರಿಗೆ ಇದನ್ನು ಬಿಡಿಸಿ ಹೇಳಿ. ಆದರೂ ಹಳೆಯ ಯಂತ್ರವನ್ನು ನೇರ ಗುಜರಿಗೆ ಹಾಕುವಂತಿಲ್ಲ. ಕರೆಂಟ್ ಕೊಟ್ಟರೆ ಅದು ಮತ್ತೆ ಎಕ್ಸ್-ರೇ ಯಂತ್ರವೇ, ಪರವಾನಗಿಯಿಲ್ಲದ ಯಾವುದೋ ಅಂಗಡಿಕೋಣೆಯಲ್ಲಿ ಕೆಲಸ ಶುರುಮಾಡಬಹುದು. ಟ್ಯೂಬ್ ಮತ್ತೆ ಬಳಸಲಾಗದಂತೆ ಮಾಡಿಸಿ, ಇ-ಲೋರಾದಲ್ಲಿ ಯಂತ್ರ ತೆಗೆದುಹಾಕಿದ್ದನ್ನು ದಾಖಲಿಸಿ, ಟ್ಯೂಬಿನ ಸುತ್ತಲಿನ ಸೀಸ, ಟ್ರಾನ್ಸ್‌ಫಾರ್ಮರಿನ ಎಣ್ಣೆ ಮತ್ತು ಹರಿದ ಏಪ್ರನ್‌ಗಳನ್ನು ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಪರವಾನಗಿ ಇದ್ದವರಿಗೆ ರಸೀದಿ ಪಡೆದು ಒಪ್ಪಿಸಿ.